ಪ್ರಾಚೀನ ಕರ್ಣಾಟಕದ ಸ್ಥಳೀಯ ನ್ಯಾಯಸಭೆಗಳಲ್ಲಿ ಧನಮೂಲ ಮತ್ತು ಹಿಂಸಾಮೂಲ ವ್ಯವಹಾರಗಳು

೧. ಪೀಠಿಕೆ

ನಮ್ಮ ತಾಲ್ಲೂಕು ಕೇಂದ್ರಗಳ ನ್ಯಾಯಾಲಯಗಳಲ್ಲಿ ಇಂದು ಅನೇಕ ಕಡೆ ಒಬ್ಬರೇ ಅಧಿಕಾರಿಗಳು ಸಿವಿಲ್ ನ್ಯಾಯಾಧೀಶರೂ ಪ್ರಥಮ ದರ್ಜೆಯ ನ್ಯಾಯಿಕ ದಂಡಾಧಿಕಾರಿಗಳೂ ಆಗಿರುತ್ತಾರೆ. ಹೊಲದ ಮೇರೆಯನ್ನು ಕುರಿತ ದಾವೆಯನ್ನು ಕೇಳುವವರೇ ಆ ಮೇರೆಯ ಮೇಲೆ ನಡೆದ ಹೊಡೆದಾಟದ ಮೊಕದ್ದಮೆಯನ್ನೂ ಕೇಳಬಹುದು. ಆದರೆ ಮೊದಲನೆಯದನ್ನು ಅವರು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ನಡೆಸಬೇಕು. ಎರಡನೆಯದನ್ನು ೨೦೨೪ರ ಜುಲೈ ತಿಂಗಳಿನಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ನಡೆಸಬೇಕು. ನ್ಯಾಯಪೀಠ ಒಂದೇ ಆದರೂ ವಿಚಾರಣೆಯ ಮಾರ್ಗಗಳು ಎರಡು. ಈ ವಿಭಾಗವು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಪ್ರಾಚೀನ ಕಾಲದ ಗ್ರಾಮಸಭೆಗಳನ್ನು ಕುರಿತು ಯೋಚಿಸುವಾಗಲೂ ಅವು ಸಿವಿಲ್ ನ್ಯಾಯಾಲಯಗಳಾಗಿದ್ದುವೇ ಕ್ರಿಮಿನಲ್ ನ್ಯಾಯಾಲಯಗಳಾಗಿದ್ದುವೇ ಎಂದು ನಾವು ಮೊದಲಿಗೇ ಕೇಳಿಬಿಡುತ್ತೇವೆ.

ಈ ಪ್ರಶ್ನೆಯನ್ನು ಹೀಗೆ ಕೇಳುವುದು ಉಚಿತವೇ ಎಂಬುದೇ ಪ್ರಕೃತ ಲೇಖನದ ವಿಚಾರ. ಇದಕ್ಕಾಗಿ ನಾವು ಎರಡು ಬಗೆಯ ಸಾಮಗ್ರಿಯನ್ನು ಬಳಸಿಕೊಂಡಿದ್ದೇವೆ. ಒಂದು, ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯ ಮತ್ತು ಅದಕ್ಕೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಕಾಲದಲ್ಲಿ ರಚಿತವಾದ ಈ ಗ್ರಂಥವು ಭಾರತದ ಬಹುಭಾಗದಲ್ಲಿ ಪ್ರಮಾಣವಾಯಿತೆಂಬುದು ಸರ್ವವಿದಿತ, ಆದರೆ ಅದು ಇಂದಿನ ಬಸವಕಲ್ಯಾಣದಲ್ಲಿ ನೆಲೆಗೊಂಡಿದ್ದ ರಾಜ್ಯದ ಕೂಸೆಂಬುದನ್ನು ನಾವು ಕೆಲವೊಮ್ಮೆ ಮರೆಯುತ್ತೇವೆ. ಎರಡನೆಯದು, ಎಂಟನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗಿನ ಕೆಲವು ಶಾಸನಗಳು. ಶಾಸ್ತ್ರವು ಹೇಗೆ ನಡೆಯಬೇಕೆಂಬುದನ್ನು ಹೇಳುತ್ತದೆ. ಶಾಸನವು ಒಂದೊಂದು ಊರಿನಲ್ಲಿ ಹೇಗೆ ನಡೆಯಿತೆಂಬುದನ್ನು ತಿಳಿಸುತ್ತದೆ. ಇವೆರಡನ್ನೂ ಎದುರುಬದುರಾಗಿಟ್ಟು ಪರಿಶೀಲಿಸಿದರೆ ಮಾತ್ರ ಸತ್ಯಕ್ಕೆ ಸಮೀಪವಾದ ಚಿತ್ರ ದೊರೆಯುತ್ತದೆ.

೨. ವ್ಯವಹಾರಪದಗಳು ಮತ್ತು ಸಭೆಗಳು

ಧರ್ಮಶಾಸ್ತ್ರಕಾರರು ಮೊಕದ್ದಮೆಗೆ ವ್ಯವಹಾರವೆಂದೂ ಅದರ ವಿಷಯಕ್ಕೆ ವ್ಯವಹಾರಪದವೆಂದೂ ಹೆಸರಿಟ್ಟಿದ್ದಾರೆ. ಮನುವು ಹೇಳಿದ ಹದಿನೆಂಟು ಪದಗಳು ಪ್ರಸಿದ್ಧವಾಗಿವೆ: ಸಾಲವನ್ನು ಹಿಂದಿರುಗಿಸದಿರುವುದು, ಒತ್ತೆಯಿಟ್ಟ ವಸ್ತು, ಒಡೆತನವಿಲ್ಲದವನು ಮಾಡಿದ ಮಾರಾಟ, ಕೂಡುವ್ಯಾಪಾರ, ಕೂಲಿ ಕೊಡದಿರುವುದು, ದನದ ಒಡೆಯನಿಗೂ ಕಾಯುವವನಿಗೂ ಆದ ಜಗಳ, ಎಲ್ಲೆಯ ವಿವಾದ, ದಾಯಭಾಗ ಮೊದಲಾದುವು ಒಂದೆಡೆ, ಬೈಗುಳ, ಹೊಡೆತ, ಕಳವು, ಸಾಹಸ, ಪರಸ್ತ್ರೀಸಂಗ್ರಹಣ ಮೊದಲಾದುವು ಇನ್ನೊಂದೆಡೆ. ಇವೆಲ್ಲವನ್ನೂ ಮನುವು ಒಂದೇ ಸಾಲಿನಲ್ಲಿ ಎಣಿಸಿದ್ದಾನೆ. ಇವನ್ನು ಎರಡಾಗಿ ವಿಂಗಡಿಸಿದ ಕೀರ್ತಿ ಬೃಹಸ್ಪತಿಗೆ ಸಲ್ಲುತ್ತದೆ. ಆತನ ಪ್ರಕಾರ ಹದಿನಾಲ್ಕು ಪದಗಳು ಧನದಿಂದ ಹುಟ್ಟುವುವು. ವಾಕ್ಪಾರುಷ್ಯ, ದಂಡಪಾರುಷ್ಯ, ಸಾಹಸ, ಪರಸ್ತ್ರೀಸಂಗ್ರಹಣ ಎಂಬ ನಾಲ್ಕು ಹಿಂಸೆಯಿಂದ ಹುಟ್ಟುವುವು. ಇಂದಿನ ಸಿವಿಲ್ ಕ್ರಿಮಿನಲ್ ಭೇದಕ್ಕೆ ಅತ್ಯಂತ ಸಮೀಪವಾದ ಪ್ರಾಚೀನ ಭೇದ ಇದೇ. ಆದರೆ ಈ ಭೇದವು ವಿವಾದದ ಮೂಲವನ್ನು ಕುರಿತದ್ದೇ ಹೊರತು ನ್ಯಾಯಸಭೆಯನ್ನು ಕುರಿತದ್ದಲ್ಲವೆಂಬುದನ್ನು ಗಮನಿಸಬೇಕು.

ನ್ಯಾಯಸಭೆಗಳ ಶ್ರೇಣಿಯನ್ನು ಯಾಜ್ಞವಲ್ಕ್ಯನು ಬೇರೆಯಾಗಿಯೇ ಹೇಳಿದ್ದಾನೆ: ರಾಜನು ನೇಮಿಸಿದ ಅಧಿಕಾರಿಗಳು, ಪೂಗ, ಶ್ರೇಣಿ ಮತ್ತು ಕುಲ. ಇವುಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಬಲವತ್ತರ. ವಿಜ್ಞಾನೇಶ್ವರನ ವಿವರಣೆ ಇಲ್ಲಿ ಬಹು ಉಪಯುಕ್ತವಾಗಿದೆ. ಒಂದೇ ಊರಿನಲ್ಲಿ ವಾಸಿಸುವ, ಬೇರೆ ಬೇರೆ ಜಾತಿಗಳಿಗೂ ವೃತ್ತಿಗಳಿಗೂ ಸೇರಿದ ಜನರ ಸಮೂಹವು ಪೂಗ. ಒಂದೇ ಕಸುಬಿನಿಂದ ಜೀವಿಸುವವರ, ಎಂದರೆ ಕುದುರೆ ವ್ಯಾಪಾರಿಗಳು, ಎಲೆ ಮಾರುವವರು, ನೇಕಾರರು, ಚಮ್ಮಾರರು ಮುಂತಾದವರ ಕೂಟವು ಶ್ರೇಣಿ. ಜ್ಞಾತಿ ಬಂಧುಗಳ ಕೂಟವು ಕುಲ. ಕುಲದ ತೀರ್ಪಿನಿಂದ ತೃಪ್ತನಾಗದವನು ಶ್ರೇಣಿಗೂ, ಅಲ್ಲಿಂದ ಪೂಗಕ್ಕೂ, ಅಲ್ಲಿಂದ ರಾಜನ ಅಧಿಕಾರಿಗಳ ಬಳಿಗೂ ಹೋಗಬಹುದಾಗಿತ್ತು. ನಮ್ಮ ಶಾಸನಗಳಲ್ಲಿ ಕಾಣುವ ಅಗ್ರಹಾರದ ಮಹಾಜನರು, ಪಟ್ಟಣದ ನಗರ, ಊರಿನ ಹಾಗೂ ನಾಡಿನ ಗಾವುಂಡರು ಈ ಚೌಕಟ್ಟಿನೊಳಗೆ ಸಹಜವಾಗಿ ಹೊಂದಿಕೊಳ್ಳುತ್ತಾರೆ. ವಿವಾದದ ಮೂಲವನ್ನು ನೋಡಿ ಸಭೆಯನ್ನು ಆರಿಸುವ ಪದ್ಧತಿ ಈ ಶ್ರೇಣಿಯಲ್ಲಿಲ್ಲ. ಕಕ್ಷಿಗಳು ಯಾರು, ಎಲ್ಲಿಯವರು ಎಂಬುದನ್ನು ನೋಡಿ ಸಭೆಯು ನಿಶ್ಚಿತವಾಗುತ್ತಿತ್ತು.

೩. ವಿಚಾರಣೆಯ ಕ್ರಮ

ವ್ಯವಹಾರಕ್ಕೆ ನಾಲ್ಕು ಪಾದಗಳು. ವಾದಿಯು ತನ್ನ ಮಾತನ್ನು ಹೇಳುವುದು ಮೊದಲನೆಯದು. ಅದನ್ನು ಪ್ರತಿವಾದಿಯ ಎದುರಿನಲ್ಲಿಯೇ ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮುಂತಾದ ಗುರುತುಗಳೊಡನೆ ಬರೆಯಿಸಬೇಕು. ಪ್ರತಿವಾದಿಯ ಉತ್ತರವು ಎರಡನೆಯದು. ಅದನ್ನು ವಾದಿಯ ಎದುರಿನಲ್ಲಿ ಬರೆಯಿಸಬೇಕು. ಸಾಧನ ಅಥವಾ ಪ್ರಮಾಣವು ಮೂರನೆಯದು, ತೀರ್ಪು ನಾಲ್ಕನೆಯದು. ಪ್ರಮಾಣವೆಂದರೆ ಬರೆಹ, ಭುಕ್ತಿ ಮತ್ತು ಸಾಕ್ಷಿ. ಇವು ಯಾವುವೂ ಇಲ್ಲದಿದ್ದರೆ ಮಾತ್ರ ದಿವ್ಯ. ಧನಮೂಲವಾಗಲಿ ಹಿಂಸಾಮೂಲವಾಗಲಿ ಈ ನಾಲ್ಕು ಪಾದಗಳ ಮೇಲೆಯೇ ವ್ಯವಹಾರವು ನಡೆಯಬೇಕಾಗಿತ್ತು.

ಹಾಗಾದರೆ ಎರಡಕ್ಕೂ ಭೇದವೇ ಇರಲಿಲ್ಲವೇ? ಇದ್ದಿತು. ಅದನ್ನು ಯಾಜ್ಞವಲ್ಕ್ಯನ ಮೂರು ನಿಯಮಗಳಲ್ಲಿ ಸ್ಪಷ್ಟವಾಗಿ ಕಾಣಬಹುದು.

ಮೊದಲನೆಯದು ಕಾಲವನ್ನು ಕುರಿತದ್ದು. ಸಾಲ ಮುಂತಾದ ವಿವಾದಗಳಲ್ಲಿ ಪ್ರತಿವಾದಿಗೆ ಉತ್ತರ ಕೊಡಲು ಅವಕಾಶ ನೀಡಬಹುದು. ಸಾಹಸ, ಕಳವು, ಪಾರುಷ್ಯ, ಪ್ರಾಣಾಪಾಯ ಮುಂತಾದ ಸಂದರ್ಭಗಳಲ್ಲಿ ಅವನು ಒಡನೆಯೇ ಉತ್ತರ ಹೇಳಬೇಕು. ಎರಡನೆಯದು ಪ್ರತಿಯಾದಿಯನ್ನು ಕುರಿತದ್ದು. ತನ್ನ ಮೇಲಿನ ಆಪಾದನೆ ತೀರುವವರೆಗೆ ಪ್ರತಿವಾದಿಯು ವಾದಿಯ ಮೇಲೆ ಬೇರೆ ಆಪಾದನೆಯನ್ನು ಹೊರಿಸುವಂತಿಲ್ಲ. ಆದರೆ ಜಗಳ ಮತ್ತು ಸಾಹಸಗಳಲ್ಲಿ ಹೊರಿಸಬಹುದು. ಹೊಡೆದಾಟದಲ್ಲಿ ಮೊದಲು ಕೈಮಾಡಿದವರು ಯಾರೆಂಬುದು ಎರಡು ಕಡೆಯ ದೂರುಗಳನ್ನೂ ಒಟ್ಟಿಗೆ ಕೇಳಿದಲ್ಲದೆ ತಿಳಿಯದಷ್ಟೆ. ಮೂರನೆಯದು ಸಾಕ್ಷಿಗಳನ್ನು ಕುರಿತದ್ದು. ಸಾಮಾನ್ಯವಾಗಿ ಮೂವರಿಗೆ ಕಡಿಮೆಯಿಲ್ಲದ, ಸದಾಚಾರಿಗಳಾದ ಸಾಕ್ಷಿಗಳು ಬೇಕು. ಸಂಗ್ರಹಣ, ಕಳವು, ಪಾರುಷ್ಯ ಮತ್ತು ಸಾಹಸಗಳಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದು. ಸಾಲಪತ್ರವನ್ನು ಬರೆಯುವಾಗ ಯೋಗ್ಯರನ್ನು ಕರೆದು ಕೂರಿಸಿಕೊಳ್ಳಲು ಸಮಯವಿರುತ್ತದೆ. ಕಳ್ಳನು ಸಾಕ್ಷಿಗಳನ್ನು ಕರೆದು ಕನ್ನ ಹಾಕುವುದಿಲ್ಲ. ಅಲ್ಲಿ ಕಂಡವನೇ ಸಾಕ್ಷಿ.

ಈ ಮೂರು ನಿಯಮಗಳಿಂದ ವಿದಿತವಾಗುವುದೇನೆಂದರೆ, ಹಿಂಸಾಮೂಲ ವ್ಯವಹಾರಕ್ಕೆ ಬೇರೆ ಸಭೆಯನ್ನು ಕಲ್ಪಿಸದೆ ಅದೇ ಸಭೆಯ ನಡಾವಳಿಯನ್ನೇ ಸಂದರ್ಭಕ್ಕೆ ತಕ್ಕಂತೆ ಸಡಿಲಿಸಲಾಗಿತ್ತು.

ತೀರ್ಪಿನಲ್ಲಿಯೂ ಇದೇ ಬಗೆಯ ಬೆರಕೆಯನ್ನು ಕಾಣುತ್ತೇವೆ. ಸಾಲವನ್ನು ಅಲ್ಲಗಳೆದವನ ಮೇಲೆ ಅದು ಸಿದ್ಧವಾದರೆ ಅವನು ಧನಿಕನಿಗೆ ಸಾಲವನ್ನು ಕೊಡುವುದಲ್ಲದೆ ಅಷ್ಟೇ ಮೊತ್ತವನ್ನು ರಾಜನಿಗೂ ತೆರಬೇಕು. ಸುಳ್ಳು ದಾವೆಯನ್ನು ಹೂಡಿದವನು ಅದರ ಎರಡರಷ್ಟನ್ನು ತೆರಬೇಕು. ಇತ್ತ, ಹೊಡೆದು ನೋಯಿಸಿದವನು ದಂಡವನ್ನು ತೆರುವುದರ ಜೊತೆಗೆ ಗಾಯಗೊಂಡವನ ಚಿಕಿತ್ಸೆಯ ವೆಚ್ಚವನ್ನೂ ಕೊಡಬೇಕು. ಕಳ್ಳನು ಶಿಕ್ಷೆಯನ್ನು ಅನುಭವಿಸುವ ಮುನ್ನ ಕದ್ದ ಮಾಲನ್ನು ಹಿಂದಿರುಗಿಸಬೇಕು. ಹೀಗೆ ಧನಮೂಲದಲ್ಲಿ ದಂಡವೂ ಹಿಂಸಾಮೂಲದಲ್ಲಿ ಪರಿಹಾರವೂ ಸೇರಿಕೊಂಡಿವೆ. ಪ್ರತಿಯೊಂದು ತೀರ್ಪಿಗೂ ಎರಡು ಮುಖಗಳಿದ್ದುವು: ನೊಂದವನಿಗೆ ಸಲ್ಲತಕ್ಕದ್ದು ಒಂದು, ಆಳುವವನಿಗೆ ಸಲ್ಲತಕ್ಕದ್ದು ಇನ್ನೊಂದು. ನಮ್ಮ ಶಾಸನಗಳನ್ನು ಅರ್ಥಮಾಡಿಕೊಳ್ಳುವುದಕ್ಕೆ ಈ ಎರಡು ಮುಖಗಳ ಕಲ್ಪನೆಯೇ ಕೀಲಿಕೈಯೆಂದು ನಮಗೆ ತೋರುತ್ತದೆ.

೪. ಭೂಮಿಯ ವಿವಾದಗಳು

ಕೃಷಿಪ್ರಧಾನವಾದ ನಾಡಿನಲ್ಲಿ ಧನಮೂಲ ವ್ಯವಹಾರಗಳ ತಿರುಳು ಭೂಮಿಯೇ. ಒಡೆಯನ ಕಣ್ಣೆದುರಿನಲ್ಲಿಯೇ ಪರರು ಭೂಮಿಯನ್ನು ಇಪ್ಪತ್ತು ವರ್ಷ ಅನುಭವಿಸುತ್ತಿದ್ದು ಅವನು ಸುಮ್ಮನಿದ್ದರೆ ಅವನಿಗೆ ಹಾನಿಯೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಇತರ ಸೊತ್ತುಗಳಿಗೆ ಈ ಅವಧಿ ಹತ್ತು ವರ್ಷ. ಈ ಹಾನಿ ಯಾವುದು? ಭೂಮಿಯೇ ಕೈಬಿಟ್ಟುಹೋಗುವುದೆಂದು ಮೇಲುನೋಟಕ್ಕೆ ತೋರುತ್ತದೆ. ವಿಜ್ಞಾನೇಶ್ವರನು ಇದನ್ನು ಒಪ್ಪದೆ, ಹಾನಿಯಾಗುವುದು ಅಷ್ಟು ವರ್ಷಗಳ ಫಲವೇ ಹೊರತು ಒಡೆತನವಲ್ಲವೆಂದು ವಾದಿಸಿದ್ದಾನೆ. ಬಲವಂತನು ಬಡವನ ಹೊಲವನ್ನು ಇಪ್ಪತ್ತು ವರ್ಷ ಉತ್ತುಬಿಟ್ಟರೆ ಅದು ಅವನದೇ ಆಗಬೇಕೆ ಎಂಬ ಪ್ರಶ್ನೆಯು ಈ ವಾದದ ಹಿಂದೆ ಇದೆ. ದೂರು ಕೊಡಲು ಧೈರ್ಯವಿಲ್ಲದವನ ಮೌನವನ್ನು ಸಮ್ಮತಿಯೆಂದು ಎಣಿಸಲು ಆತನು ಸಿದ್ಧನಿರಲಿಲ್ಲವೆಂದು ಹೇಳಬಹುದು.

ಎಲ್ಲೆಯ ವಿವಾದವು ಸ್ಥಳೀಯ ಸಭೆಯ ವಿಶಿಷ್ಟ ಕ್ಷೇತ್ರ. ಇಲ್ಲಿ ಪ್ರಮಾಣರಾಗುವವರು ವಿದ್ವಾಂಸರಲ್ಲ. ಅಕ್ಕಪಕ್ಕದ ಹೊಲದವರು, ಮುದುಕರು, ದನಗಾಹಿಗಳು, ಪಕ್ಕದ ನೆಲವನ್ನು ಉಳುವವರು, ಕಾಡಿನಲ್ಲಿ ಅಲೆಯುವವರು. ಹುತ್ತ, ಮರ, ತಗ್ಗು, ನೆಲದಡಿ ಹೂತ ಇದ್ದಲು, ಹೊಟ್ಟು, ಎಲುಬು ಇವು ಗುರುತುಗಳು. ಗುರುತುಗಳು ಅಳಿಸಿಹೋಗಿದ್ದರೆ ನೆರೆಯ ನಾಲ್ವರು, ಎಂಟು ಮಂದಿ ಅಥವಾ ಹತ್ತು ಮಂದಿ ಕೆಂಪು ಬಟ್ಟೆಯುಟ್ಟು, ಕೆಂಪು ಹೂವಿನ ಮಾಲೆ ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು ಎಲ್ಲೆಯನ್ನು ನಡೆದು ತೋರಿಸಬೇಕು. ದೂರದ ರಾಜಧಾನಿಯ ಅಧಿಕಾರಿಗೆ ಈ ಜ್ಞಾನವಿರುವುದು ಅಸಾಧ್ಯ. ಸ್ಥಳೀಯ ಸಭೆಯ ಬಲವಿದ್ದುದು ಅದರ ಸದಸ್ಯರು ನೆಲವನ್ನು ಬಲ್ಲವರಾಗಿದ್ದುದರಲ್ಲಿ.

ನೆರೆಯವರಿಂದಲೂ ಪತ್ರದಿಂದಲೂ ನಿರ್ಣಯವಾಗದಿದ್ದರೆ? ಇದಕ್ಕೆ ಇಂದಿನ ಬೆಳಗಾವಿ ಜಿಲ್ಲೆಯ ಕಿತ್ತೂರಿನ ಶಾಸನವು ಉತ್ತಮ ನಿದರ್ಶನವಾಗಿದೆ. ಗೋವೆಯ ಕದಂಬರ ಮೂರನೆಯ ಜಯಕೇಶಿಯ ಕಾಲದಲ್ಲಿ, ಕ್ರಿ. ಶ. ೧೧೮೮ರಲ್ಲಿ, ಶಿವಶಕ್ತಿ ಮತ್ತು ಕಲ್ಯಾಣಶಕ್ತಿ ಎಂಬ ಇಬ್ಬರು ದೇವಾಲಯದ ಆಚಾರ್ಯರಿಗೆ ಒಂದು ಹೊಲದ ವಿಷಯದಲ್ಲಿ ವಿವಾದವೆದ್ದಿತು. ಇಬ್ಬರೂ ತಂತಮ್ಮ ದೇವರಿಗೆ ಆ ಹೊಲವು ಸೇರಿದುದೆಂದು ಹೇಳಿದರು. ಕಡೆಗೆ ಮಹಾಜನರ ಸಮಕ್ಷಮದಲ್ಲಿ ಫಾಲದಿವ್ಯವು ನಡೆಯಿತು. ಕಲ್ಯಾಣಶಕ್ತಿಯು ಕಾಯಿಸಿದ ನೇಗಿಲ ಗುಳವನ್ನು ಕೈಯಲ್ಲಿ ಹಿಡಿದು ಹೊಲವು ತನ್ನ ದೇವರದೆಂದು ಪ್ರಮಾಣಮಾಡಿದನು. ಅನಂತರ ಅವನ ಕೈಯನ್ನು ಪರೀಕ್ಷಿಸಿ ಅವನೇ ಗೆದ್ದನೆಂದು ತೀರ್ಪಿತ್ತು ಅದನ್ನು ಕಲ್ಲಿನಲ್ಲಿ ಬರೆಯಿಸಲಾಯಿತು.

ಈ ಪ್ರಸಂಗವನ್ನು ಶಾಸ್ತ್ರದೊಡನೆ ಹೋಲಿಸಿದರೆ ಎರಡು ಸಂಗತಿಗಳು ಹೊಳೆಯುತ್ತವೆ. ಸ್ಥಾವರದ ವಿವಾದಗಳಲ್ಲಿ ದಿವ್ಯಗಳನ್ನು ಬಿಡಬೇಕೆಂದು ಪಿತಾಮಹನ ಮತ. ಬರೆಹ, ನೆರೆಯವರು ಮುಂತಾದ ಪ್ರಮಾಣಗಳು ಇರುವಾಗ ಮಾತ್ರ ಈ ನಿಷೇಧವೆಂದು ವಿಜ್ಞಾನೇಶ್ವರನು ಅರ್ಥೈಸಿದ್ದಾನೆ. ಕಿತ್ತೂರಿನ ಸಭೆ ನಡೆದುಕೊಂಡುದು ಈ ವ್ಯಾಖ್ಯಾನಕ್ಕೆ ಅನುಗುಣವಾಗಿದೆ. ಎರಡನೆಯ ಸಂಗತಿ ಇನ್ನೂ ಸ್ವಾರಸ್ಯಕರ. ಬೃಹಸ್ಪತಿಯು ಫಾಲದಿವ್ಯವನ್ನು ವಿಧಿಸಿರುವುದು ದನಗಳ್ಳನಿಗೆ. ಅದೂ ಕಾದ ಗುಳವನ್ನು ನಾಲಗೆಯಿಂದ ನೆಕ್ಕುವ ರೂಪದಲ್ಲಿ. ಕಳ್ಳನ ಪರೀಕ್ಷೆಗೆಂದು ಹೇಳಿದ ದಿವ್ಯವು ಇಲ್ಲಿ ರೂಪವನ್ನು ಬದಲಾಯಿಸಿಕೊಂಡು ಆಚಾರ್ಯರಿಬ್ಬರ ಹೊಲದ ವಿವಾದಕ್ಕೆ ಬಂದಿದೆ. ಎರಡು ಬಗೆಯ ವ್ಯವಹಾರಗಳ ನಡುವಣ ಗೋಡೆ ಎಷ್ಟು ತೆಳುವಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

೫. ಅಪರಾಧ ಮತ್ತು ದಂಡ

ಹಿಂಸಾಮೂಲ ವ್ಯವಹಾರಗಳ ಕಡೆಗೆ ತಿರುಗಿದರೆ ಶಾಸನಗಳ ರೀತಿಯೇ ಬೇರೆಯಾಗುತ್ತದೆ. ಇಂಥವನು ಇಂಥವನನ್ನು ಹೊಡೆದನು, ಸಭೆಯು ಹೀಗೆ ವಿಚಾರಿಸಿತು ಎಂಬ ಬರೆಹಗಳು ಅತಿ ವಿರಳ. ಅದಕ್ಕೆ ಪ್ರತಿಯಾಗಿ ದಂಡದ ಹಕ್ಕನ್ನು ಕುರಿತ ಉಲ್ಲೇಖಗಳು ಧಾರಾಳವಾಗಿ ದೊರೆಯುತ್ತವೆ. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಗ್ರಾಮವನ್ನು ದಾನಮಾಡುವಾಗ ‘ಸದಂಡದಶಾಪರಾಧ’ ಎಂಬ ವಿಶೇಷಣವು ಮತ್ತೆ ಮತ್ತೆ ಬರುತ್ತದೆ: ಹತ್ತು ಅಪರಾಧಗಳಿಂದ ಬರುವ ದಂಡದ ಹಣವನ್ನೂ ಕೂಡಿಸಿಯೇ ಆ ಗ್ರಾಮವನ್ನು ದತ್ತವಾಗಿ ಕೊಡಲಾಗಿದೆಯೆಂದು ಇದರ ಅರ್ಥ. ನಿಬಂಧಕಾರರು ಕೊಡುವ ಹತ್ತು ಅಪರಾಧಗಳ ಪಟ್ಟಿಯಲ್ಲಿ ರಾಜಾಜ್ಞೆಯ ಉಲ್ಲಂಘನೆ, ಸ್ತ್ರೀವಧೆ, ಕಳವು, ಪರಸ್ತ್ರೀಗಮನ, ಬೈಗುಳ, ಹೊಡೆತ ಮುಂತಾದುವು ಸೇರಿವೆ. ಇವುಗಳಿಗೆ ಒಂದು ವೈಶಿಷ್ಟ್ಯವುಂಟು. ಸಾಮಾನ್ಯ ನಿಯಮದಂತೆ ನೊಂದವನು ಬಂದು ಅರಿಕೆಮಾಡಿಕೊಂಡಲ್ಲದೆ ವ್ಯವಹಾರವು ಹುಟ್ಟುವುದಿಲ್ಲ. ರಾಜನಾಗಲಿ ಅವನ ಅಧಿಕಾರಿಯಾಗಲಿ ತಾನಾಗಿ ಮೊಕದ್ದಮೆಯನ್ನು ಎಬ್ಬಿಸಕೂಡದು. ಈ ಅಪರಾಧಗಳನ್ನಾದರೋ ದೂರಿಲ್ಲದೆಯೂ ವಿಚಾರಿಸಬಹುದಾಗಿತ್ತು. ಖಾಸಗಿ ಕೆಡುಕಿಗೂ ಸಾರ್ವಜನಿಕ ಅಪರಾಧಕ್ಕೂ ಇರುವ ಭೇದದ ಅಂಕುರವನ್ನು ಇಲ್ಲಿ ಕಾಣಬಹುದು.

ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಶಾಸನವು ಈ ದೃಷ್ಟಿಯಿಂದ ಬಹು ಮುಖ್ಯವಾದುದು. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ (ಕ್ರಿ. ಶ. ೬೯೬–೭೩೩) ಕಾಲದಲ್ಲಿ ಯುವರಾಜನಾದ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಕೊಟ್ಟನು. ಇದರಲ್ಲಿ ಒಂದು ಕಡೆ ರಾಜಪುರುಷರು ಜನರ ಭುಕ್ತಿಯನ್ನೂ ರಾಜದತ್ತಿಗಳನ್ನೂ ಸಂಪ್ರದಾಯವನ್ನೂ ಕಾಪಾಡಬೇಕೆಂಬ ಕಟ್ಟುಪಾಡು ಇದೆ. ಇನ್ನೊಂದು ಕಡೆ ಕಳವು, ಸಣ್ಣ ತಪ್ಪುಗಳು ಮತ್ತು ಹತ್ತು ಅಪರಾಧಗಳ ದಂಡವು ಕಾರ್ತಿಕ ಮಾಸದಲ್ಲಿ ಶ್ರೇಣಿಗೆ ಸಲ್ಲಬೇಕೆಂಬ ವಿಧಿ ಇದೆ. ಎಂಟನೆಯ ಶತಮಾನದಲ್ಲಿಯೇ ಪಟ್ಟಣವೊಂದರ ಜನಸಮೂಹವು ಅಪರಾಧದ ದಂಡಕ್ಕೆ ಹಕ್ಕುದಾರವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದಂಡದ ಪ್ರಮಾಣವನ್ನು ತಿಳಿಯಲು ಗದಗ ಜಿಲ್ಲೆಯದೇ ಆದ ಕೋಟವುಮಚಗಿಯ ಶಾಸನವು ನೆರವಾಗುತ್ತದೆ. ಐದನೆಯ ವಿಕ್ರಮಾದಿತ್ಯನ ಕಾಲದ, ಕ್ರಿ. ಶ. ೧೦೧೨ರ ಈ ಶಾಸನವು ಅಗ್ರಹಾರದ ಕಟ್ಟಳೆಗಳನ್ನು ಹೇಳುತ್ತ ಬೈದರೆ ೨ ಪಣ, ಹೊಡೆದರೆ ೧೨ ಪಣ, ಕಠಾರಿಯನ್ನು ಹಿರಿದರೆ ೩ ಗದ್ಯಾಣ, ಇರಿದರೆ ೧೨ ಗದ್ಯಾಣ ಎಂದು ನಿಗದಿಮಾಡಿದೆ. ಗದ್ಯಾಣಕ್ಕೆ ಹತ್ತು ಪಣವೆಂಬ ವಾಡಿಕೆಯ ಲೆಕ್ಕವನ್ನು ಹಿಡಿದರೆ ಈ ಮೊತ್ತಗಳು ೨, ೧೨, ೩೦, ೧೨೦ ಪಣಗಳಾಗುತ್ತವೆ. ಇರಿತದ ದಂಡವು ಬೈಗುಳದ ದಂಡದ ಅರುವತ್ತರಷ್ಟು. ಕಠಾರಿಯನ್ನು ಹಿರಿದು ಯಾರನ್ನೂ ಮುಟ್ಟದಿದ್ದರೂ ಅದಕ್ಕೆ ಕೈಯಿಂದ ಹೊಡೆದುದಕ್ಕಿಂತ ಎರಡೂವರೆಯಷ್ಟು ದಂಡವಿರುವುದು ಗಮನಾರ್ಹ. ಆದ ಗಾಯವನ್ನಷ್ಟೇ ಅಳೆಯದೆ ಆಗಬಹುದಾಗಿದ್ದ ಅನಾಹುತವನ್ನೂ ಊರಿನ ಶಾಂತಿಗೆ ಬಂದ ಭಂಗವನ್ನೂ ಈ ದರವು ಅಳೆಯುತ್ತದೆ. ಜಗಳವು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಬಲ್ಲವರು, ಪ್ರತಿಯೊಂದು ಮೆಟ್ಟಿಲಿನ ಬೆಲೆಯನ್ನೂ ಮೊದಲೇ ಸಾರಿ ಹೇಳಿದಂತಿದೆ.

ಕಳವಿನ ವಿಷಯದಲ್ಲಿ ಊರಿನ ಹೊಣೆ ಇನ್ನೂ ಹೆಚ್ಚಿನದು. ಊರೊಳಗೆ ಕೊಲೆಯೋ ಕಳವೋ ಆಗಿ ಹೆಜ್ಜೆಯ ಜಾಡು ಹೊರಕ್ಕೆ ಹೋಗದಿದ್ದರೆ ಗ್ರಾಮದ ಒಡೆಯನ ಮೇಲೆ ದೋಷ; ಜಾಡು ಯಾವ ಗ್ರಾಮವನ್ನು ಹೊಕ್ಕಿತೋ ಆ ಗ್ರಾಮವು ನಷ್ಟವನ್ನು ತುಂಬಬೇಕು; ಊರಿಂದ ಒಂದು ಕ್ರೋಶದಾಚೆ ನಡೆದರೆ ಸುತ್ತಣ ಐದು ಅಥವಾ ಹತ್ತು ಗ್ರಾಮಗಳು ಕೂಡಿ ತುಂಬಬೇಕೆಂದು ಯಾಜ್ಞವಲ್ಕ್ಯನ ವಿಧಿ. ಕಳ್ಳನನ್ನು ಹಿಡಿಯುವ ತಳಾರನು ನಮಗೆ ವಡ್ಡಾರಾಧನೆಯ ಕಥೆಗಳಿಂದಲೂ ಪರಿಚಿತನು. ಆದರೆ ತಳಾರನು ಸೋತಾಗ ಕಳೆದುಕೊಂಡವನು ಬರಿಗೈಯಲ್ಲಿ ಹೋಗಬಾರದೆಂಬುದೇ ಈ ವಿಧಿಯ ಆಶಯ. ನ್ಯಾಯ ಹೇಳುವ ಹಕ್ಕಿನ ಜೊತೆಗೆ ನಷ್ಟ ತುಂಬುವ ಹೊಣೆಯೂ ಊರಿನ ಹೆಗಲ ಮೇಲಿದ್ದಿತು.

ಪ್ರಾಣದಂಡನೆಯ ವಿಷಯವು ಬೇರೆ. ಮೈಸೂರು ಜಿಲ್ಲೆಯ ಬೆಳತೂರಿನ ಕ್ರಿ. ಶ. ೧೦೫೭ರ ಶಾಸನವು ದೇಕಬ್ಬೆಯ ಸಹಗಮನದಿಂದ ಪ್ರಸಿದ್ಧವಾಗಿದೆ. ಆಕೆಯ ಗಂಡನಾದ, ನವಿಲೆನಾಡಿನ ಒಡೆಯರ ಮನೆತನದ ಏಚನು ತನ್ನ ದಾಯಾದಿಯನ್ನು ಕೊಂದನು. ಅವನನ್ನು ತಲಕಾಡಿಗೆ ಒಯ್ದು ರಾಜಾಜ್ಞೆಯಂತೆ ಕೊಲ್ಲಲಾಯಿತು. ಆ ಸುದ್ದಿಯನ್ನು ಕೇಳಿ ದೇಕಬ್ಬೆಯು ಬಂಧುಗಳ ಮಾತನ್ನೂ ಮೀರಿ ಅಗ್ನಿಪ್ರವೇಶಮಾಡಿದಳು. ಸಾಹಿತ್ಯದೃಷ್ಟಿಯಿಂದ ಇದು ಕರುಣಕಾವ್ಯ. ನ್ಯಾಯದ ಇತಿಹಾಸದ ದೃಷ್ಟಿಯಿಂದ ಅಮೂಲ್ಯವಾದ ದಾಖಲೆ. ಆಗ ಆ ಪ್ರದೇಶವು ಚೋಳರ ಆಳ್ವಿಕೆಯಲ್ಲಿದ್ದಿತು. ನಾಡೊಡೆಯನ ಮನೆಯವನಾಗಿದ್ದರೂ ಕೊಲೆಗಾರನ ತೀರ್ಪು ನಾಡಿನಲ್ಲಿಯೇ ಮುಗಿಯದೆ ರಾಜಾಧಿಕಾರದ ಕೇಂದ್ರಕ್ಕೆ ಹೋಯಿತು. ಇರಿತದವರೆಗಿನ ಅಪರಾಧಗಳಿಗೆ ಊರಿನ ಕಟ್ಟಳೆಯಲ್ಲಿ ಬೆಲೆಯಿದ್ದಿತು. ಪ್ರಾಣವನ್ನು ತೆಗೆಯುವ ಅಧಿಕಾರವನ್ನು ಇಲ್ಲಿ ಅರಸನು ತನ್ನ ಕೈಯಲ್ಲಿಯೇ ಇಟ್ಟುಕೊಂಡಿದ್ದುದನ್ನು ಕಾಣುತ್ತೇವೆ.

೬. ಶಾಸನಗಳ ಮೌನ

ಭೂವಿವಾದದ ತೀರ್ಪುಗಳು ಶಾಸನಗಳಲ್ಲಿ ದೊರೆಯುವುದನ್ನೂ ಹೊಡೆದಾಟದ ತೀರ್ಪುಗಳು ದೊರೆಯದಿರುವುದನ್ನೂ ನೋಡಿ, ಸ್ಥಳೀಯ ಸಭೆಗಳು ಬಹುಮಟ್ಟಿಗೆ ಸಿವಿಲ್ ನ್ಯಾಯಾಲಯಗಳೇ ಆಗಿದ್ದುವೆಂದು ತರ್ಕಿಸುವುದು ಸುಲಭ. ಈ ತರ್ಕವು ನಮಗೆ ಸರಿತೋರುವುದಿಲ್ಲ. ಕಲ್ಲಿನಲ್ಲಿ ಬರೆಯಿಸಲು ವೆಚ್ಚವಾಗುತ್ತದೆ. ಮುಂದಿನ ತಲೆಮಾರಿಗೆ ಪ್ರಯೋಜನವಾಗುವುದನ್ನು ಮಾತ್ರ ಜನರು ಬರೆಯಿಸುತ್ತಾರೆ. ಹೊಲವು ಯಾವ ದೇವರದೆಂಬುದು ನೂರು ವರ್ಷಗಳ ಅನಂತರವೂ ಬೇಕಾಗುವ ಮಾತು. ಇಂಥವನು ಇಂಥವನನ್ನು ಬೈದು ಎರಡು ಪಣ ತೆತ್ತನೆಂಬುದು ಮಾರನೆಯ ವರ್ಷಕ್ಕೇ ಬೇಡವಾದ ಮಾತು. ಆದುದರಿಂದ ಅಪರಾಧಗಳ ಪೈಕಿ ಕಲ್ಲಿಗೆ ಏರಿದುದು ದಂಡದ ದರ, ದಂಡದ ಹಕ್ಕು ಮತ್ತು ದೇಕಬ್ಬೆಯಂಥವರ ಸ್ಮರಣೆ ಮಾತ್ರ. ಈ ದರ ಮತ್ತು ಹಕ್ಕುಗಳೇ, ಬರೆಯದೆ ಉಳಿದ ಅಸಂಖ್ಯ ವಿಚಾರಣೆಗಳ ನೆರಳು. ವಿಚಾರಣೆಯೇ ನಡೆಯದ ಕಡೆ ದರವನ್ನು ಕೊರೆಯಿಸುವ ಅಗತ್ಯವಾದರೂ ಏನಿದ್ದಿತು?

ಇಲ್ಲಿಯೇ ಇನ್ನೊಂದು ಪ್ರಶ್ನೆ ಏಳುತ್ತದೆ. ದಂಡವು ನ್ಯಾಯ ಹೇಳುವವರ ಆದಾಯವೇ ಆದಾಗ ನ್ಯಾಯದ ಗತಿಯೇನು? ಅಪರಾಧಿಯನ್ನು ತಪ್ಪಿತಸ್ಥನೆಂದು ಹೇಳುವುದರಲ್ಲಿ ಸಭೆಗೇ ಲಾಭವಿದ್ದರೆ ನಿಷ್ಪಕ್ಷಪಾತವು ಉಳಿಯುವುದು ಕಷ್ಟ. ಶಾಸ್ತ್ರಕಾರರು ಈ ಅಪಾಯವನ್ನು ಅರಿಯದವರಲ್ಲ. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಧರ್ಮವನ್ನು ಮೀರಿದ ಸಭ್ಯರಿಗೆ ವಿವಾದದ ಮೊತ್ತದ ಎರಡರಷ್ಟು ದಂಡವನ್ನು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ತಪ್ಪಾಗಿ ತೀರ್ಮಾನವಾದ ವ್ಯವಹಾರವನ್ನು ರಾಜನು ಮತ್ತೆ ನೋಡಿ, ಗೆದ್ದವನನ್ನೂ ಕೂಡಿಸಿ ಸಭ್ಯರನ್ನು ದಂಡಿಸಬೇಕೆಂದಿದ್ದಾನೆ. ಬಲಾತ್ಕಾರದಿಂದ, ಮೋಸದಿಂದ, ರಾತ್ರಿಯ ವೇಳೆ, ಮನೆಯೊಳಗೆ, ಊರಾಚೆ ಅಥವಾ ಶತ್ರುಗಳಿಂದ ನಡೆದ ವ್ಯವಹಾರಗಳು ರದ್ದಾಗಬೇಕೆಂಬುದು ಆತನ ಇನ್ನೊಂದು ವಿಧಿ. ಹಗಲಿನಲ್ಲಿ, ಊರ ನಡುವೆ, ಎಲ್ಲರ ಕಣ್ಣೆದುರಿಗೆ ನಡೆದುದೇ ನ್ಯಾಯ. ಕಿತ್ತೂರಿನಲ್ಲಿ ಕಾದ ಗುಳವನ್ನು ಮಹಾಜನರ ಸಮಕ್ಷಮದಲ್ಲಿ ಹಿಡಿಯಿಸಿದುದರ ಅರ್ಥವೂ ಇದೇ.

ಆದರೂ ಈ ಸಭೆಗಳನ್ನು ಆದರ್ಶವೆಂದು ಕೊಂಡಾಡುವುದು ಇತಿಹಾಸಕಾರನ ಕೆಲಸವಲ್ಲ. ಮೇಲೆ ಹೇಳಿದ ರದ್ದಾಗತಕ್ಕ ವ್ಯವಹಾರಗಳ ಪಟ್ಟಿಯಲ್ಲಿಯೇ ಸ್ತ್ರೀಯರು ನಡೆಸಿದುದೂ ಸೇರಿದೆ. ದಿವ್ಯಗಳಲ್ಲಿ ಬ್ರಾಹ್ಮಣನಿಗೆ ತಕ್ಕಡಿಯೂ ಶೂದ್ರನಿಗೆ ಬೆಂಕಿ, ನೀರು, ವಿಷಗಳೂ ವಿಹಿತವಾಗಿವೆ. ಬೈಗುಳದ ದಂಡವನ್ನು ಸ್ಮೃತಿಗಳು ವರ್ಣಕ್ಕೆ ತಕ್ಕಂತೆ ಏರಿಸಿ ಇಳಿಸುತ್ತವೆ. ಮಹಾಜನರ ಮುಂದೆ ನಿಂತ ಬಡ ಒಕ್ಕಲಿಗನಿಗೂ ಕೂಲಿಯಾಳಿಗೂ ಆ ಬಹಿರಂಗವು ಎಷ್ಟು ರಕ್ಷಣೆಯಾಗಿತ್ತು, ಎಷ್ಟು ಭೀತಿಯಾಗಿತ್ತು ಎಂಬುದನ್ನು ಶಾಸನಗಳನ್ನು ಬರೆಯಿಸಿದವರು ಹೇಳಿಲ್ಲ. ಅವರು ಹೇಳುವಂತೆಯೂ ಇರಲಿಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಪ್ರಾಚೀನ ಕರ್ಣಾಟಕದ ಸ್ಥಳೀಯ ಸಭೆಯು ಧನಮೂಲ ಹಿಂಸಾಮೂಲಗಳೆರಡನ್ನೂ ವಿಚಾರಿಸುತ್ತಿದ್ದಿತು. ಇವೆರಡರ ಭೇದವು ಸಭೆಯಲ್ಲಿರದೆ ಉತ್ತರದ ಕಾಲ, ಪ್ರತಿಯಾದಿ, ಸಾಕ್ಷಿ ಎಂಬ ನಡಾವಳಿಯ ಅಂಶಗಳಲ್ಲಿದ್ದಿತು. ತೀರ್ಪಿನಲ್ಲಿ ಪರಿಹಾರ ಮತ್ತು ದಂಡ ಎಂಬ ಎರಡು ಭಾಗಗಳಿದ್ದು, ಅರಸನು ಊರಿಗೆ ದತ್ತಿಯಾಗಿ ಕೊಟ್ಟುದು ಎರಡನೆಯ ಭಾಗವನ್ನು. ಪ್ರಾಣದಂಡನೆಯನ್ನು ಅವನು ಹಾಗೆ ಬಿಟ್ಟುಕೊಟ್ಟಂತೆ ನಾವು ನೋಡಿದ ಶಾಸನಗಳಲ್ಲಿ ತೋರುವುದಿಲ್ಲ. ಆದುದರಿಂದ ಆ ಸಭೆಯು ಸಿವಿಲ್ ಸಭೆಯೇ ಕ್ರಿಮಿನಲ್ ಸಭೆಯೇ ಎಂಬ ಪ್ರಶ್ನೆಗಿಂತ, ದೂರನ್ನು ಯಾರು ತರಬಹುದಾಗಿತ್ತು, ದಂಡವು ಯಾರಿಗೆ ಸೇರುತ್ತಿತ್ತು, ತೀರ್ಪನ್ನು ಯಾರ ಎದುರಿಗೆ ಹೇಳುತ್ತಿದ್ದರು ಎಂಬ ಮೂರು ಪ್ರಶ್ನೆಗಳೇ ಹೆಚ್ಚು ಫಲಪ್ರದವಾದುವು. ಜಿಲ್ಲೆ ಜಿಲ್ಲೆಯ ಶಾಸನ ಸಂಪುಟಗಳಲ್ಲಿ ದಂಡ, ದಿವ್ಯ, ದಶಾಪರಾಧಗಳ ಉಲ್ಲೇಖಗಳನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಆಯ್ದು ವರ್ಗೀಕರಿಸುವ ಕಾರ್ಯವನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಕೈಕೊಂಡರೆ, ಅರಸರ ಇತಿಹಾಸದ ಬದಿಯಲ್ಲಿ ಅಂದಿನ ಸಾಮಾನ್ಯ ಜನರ ಜಗಳ, ನಷ್ಟ ಮತ್ತು ನ್ಯಾಯದ ಇತಿಹಾಸವೂ ಬೆಳಕಿಗೆ ಬರುವುದರಲ್ಲಿ ಸಂದೇಹವಿಲ್ಲ.